ಮನೆಗೆ ಕಳುಹಿಸಿದ ಮೇಲೆ ಯಾರು ಬರುತ್ತಾರೆ? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

2025ರ ಜನವರಿ 30ರಂದು ನಿಮ್ಮ ಇಲಾಖೆ ಒಂದು ಆದೇಶ ಹೊರಡಿಸಿತು. ಚೇತರಿಸಿಕೊಳ್ಳುವ ಆಸೆಯೇ ಇಲ್ಲದೆ ಯಂತ್ರಗಳ ಬಲದಲ್ಲಿ ಮಲಗಿರುವ ರೋಗಿಯಿಂದ ಆ ಯಂತ್ರಗಳನ್ನು ತೆಗೆಯಬೇಕಾದರೆ ಯಾವ ವೈದ್ಯರ ಮಂಡಳಿ ಕೂರಬೇಕು, ಎರಡನೆಯ ಮಂಡಳಿಗೆ ಸದಸ್ಯರನ್ನು ಯಾರು ಸೂಚಿಸಬೇಕು, ಬುದ್ಧಿ ಸ್ವಾಧೀನದಲ್ಲಿರುವಾಗಲೇ ಬರೆದಿಟ್ಟ ಇಚ್ಛಾಪತ್ರಕ್ಕೆ ಎಷ್ಟು ಬೆಲೆ ಎಂಬುದೆಲ್ಲ ಅದರಲ್ಲಿತ್ತು. ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿ 2023ರಲ್ಲಿ ಸರಳಗೊಳಿಸಿದ ವಿಷಯವನ್ನು ಬಹುತೇಕ ರಾಜ್ಯಗಳು ಮುಟ್ಟದೆ ಬಿಟ್ಟಿದ್ದಾಗ ಕರ್ನಾಟಕ ಕೈಗೆತ್ತಿಕೊಂಡದ್ದು ಸಣ್ಣ ಮಾತಲ್ಲ. ಪತ್ರಿಕೆಗಳು ‘ಘನತೆಯಿಂದ ಸಾಯುವ ಹಕ್ಕು’ ಎಂದು ಶೀರ್ಷಿಕೆ ಕೊಟ್ಟವು. ನಾನೂ ಅದನ್ನು ಓದಿ ಸಂತೋಷಪಟ್ಟವಳೇ.

ಆದರೆ ಆ ಆದೇಶ ಮಾತನಾಡುವುದು ತೀವ್ರ ನಿಗಾ ಘಟಕದ ಬಗ್ಗೆ. ನಾನು ಕೆಲಸ ಮಾಡುವುದು ಅಡುಗೆಮನೆಯ ಪಕ್ಕದ ಕೋಣೆಗಳಲ್ಲಿ, ಚಾವಡಿಯ ಮೂಲೆಗೆ ತಂದು ಹಾಕಿದ ಮಂಚಗಳ ಬಳಿ. ದಕ್ಷಿಣ ಕನ್ನಡದಲ್ಲಿ ಒಂದು ದತ್ತಿ ಸಂಸ್ಥೆಯ ಮನೆ ಆರೈಕೆ ತಂಡದಲ್ಲಿ ನಾನು ನರ್ಸ್. ನಾವು ನೋಡುವ ರೋಗಿಗಳಲ್ಲಿ ಹೆಚ್ಚಿನವರು ವೆಂಟಿಲೇಟರಿನ ಮುಖವನ್ನೇ ಕಂಡವರಲ್ಲ. ಅವರ ಯಂತ್ರ ತೆಗೆಯುವುದಕ್ಕೆ ಯಾವ ಮಂಡಳಿಯೂ ಕೂರಬೇಕಾಗಿಲ್ಲ, ಏಕೆಂದರೆ ಅದಕ್ಕೂ ಮೊದಲೇ ಅವರನ್ನು ಒಂದು ಮಾತು ಹೇಳಿ ಮನೆಗೆ ಕಳುಹಿಸಲಾಗಿರುತ್ತದೆ: “ಇನ್ನೇನೂ ಮಾಡುವುದಕ್ಕಿಲ್ಲ. ಕರೆದುಕೊಂಡು ಹೋಗಿ, ಕೇಳಿದ್ದನ್ನು ತಿನ್ನಲು ಕೊಡಿ.”

ಈ ಮಾತನ್ನು ರಾಜ್ಯದ ಯಾವ ದೊಡ್ಡ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತರೂ ಕೇಳಬಹುದು. ಹೇಳುವ ವೈದ್ಯರಲ್ಲಿ ಕಲ್ಲುಮನಸ್ಸಿನವರು ಕಡಿಮೆ. ಹೊರಗೆ ಸಾಲು ನಿಂತಿರುತ್ತದೆ, ಹಾಸಿಗೆ ಬೇಕಾದವರು ಇನ್ನೊಬ್ಬರಿರುತ್ತಾರೆ, ಕೀಮೋ ಇನ್ನು ನಾಟುವುದಿಲ್ಲ ಎಂಬುದೂ ನಿಜವಿರುತ್ತದೆ. ಆದರೂ ಆ ಮಾತು ಸುಳ್ಳು. ಮಾಡುವುದಕ್ಕೆ ಬೇಕಾದಷ್ಟಿದೆ. ಗುಣಪಡಿಸುವ ಕೆಲಸ ಮುಗಿದ ದಿನ ಇನ್ನೊಂದು ಕೆಲಸ ಆರಂಭವಾಗುತ್ತದೆ. ಅದನ್ನು ಮಾಡಲು ಕಲಿತ ಜನರಿದ್ದಾರೆ, ಅದಕ್ಕೆ ಔಷಧಗಳಿವೆ, ಅವುಗಳಲ್ಲಿ ಹೆಚ್ಚಿನವು ಅಗ್ಗ. ಇಲ್ಲದಿರುವುದು ಆ ಮನೆಯ ಬಾಗಿಲಿಗೆ ಅವೆಲ್ಲವನ್ನೂ ತಲುಪಿಸುವ ವ್ಯವಸ್ಥೆ. ನಿಮ್ಮನ್ನು ಕೇಳಬೇಕಾಗಿರುವುದು ಅದೊಂದನ್ನೇ. ಅದಕ್ಕೂ ಮೊದಲು, ನಾವು ಮಾಡುವುದೇನು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಿಕೊಳ್ಳುತ್ತೇನೆ. ಕಡತದಲ್ಲಿ ‘ಪ್ಯಾಲಿಯೇಟಿವ್ ಕೇರ್’ (ಗುಣವಾಗದ ರೋಗಿಯ ನೋವು, ಸಂಕಟ ಇಳಿಸುವ ಆರೈಕೆ) ಎಂದು ಬರೆದಿರುವುದನ್ನು ಓದುವ ಅಧಿಕಾರಿಗಳಿಗೆ ಕೈ ಹಿಡಿದು ಸಮಾಧಾನ ಹೇಳುವ ಪುಣ್ಯಕಾರ್ಯವೊಂದು ಕಣ್ಣಿಗೆ ಬರುತ್ತದೆ ಎಂಬ ಗುಮಾನಿ ನನಗಿದೆ. ಕೈ ಹಿಡಿಯುತ್ತೇವೆ, ನಿಜ. ಅದಕ್ಕೂ ಮುಂಚೆ ಆ ಕೈಯ ನೋವು ಇಳಿಸುತ್ತೇವೆ.

ಮನೆಗೆ ಬಂದ ರೋಗಿಯ ಜೊತೆ ಬರುವ ಪ್ಲಾಸ್ಟಿಕ್ ಚೀಲವನ್ನು ಮೊದಲ ಭೇಟಿಯಲ್ಲೇ ನಾವು ಸುರಿದು ನೋಡುತ್ತೇವೆ. ಹೊಟ್ಟೆಯ ಉರಿಗೆ ಒಂದು ಮಾತ್ರೆ, ವಿಟಮಿನ್ ಟಾನಿಕ್, ಮೈಕೈ ನೋವಿಗೆ ಕೊಡುವ ಸಾಮಾನ್ಯ ನೋವಿನ ಮಾತ್ರೆ, ಹತ್ತಾರು ಸ್ಕ್ಯಾನ್ ಹಾಳೆಗಳು. ಮೂಳೆಗೆ ಹರಡಿದ ಕ್ಯಾನ್ಸರಿಗೆ ಆ ನೋವಿನ ಮಾತ್ರೆ ಏನೇನೂ ಸಾಲದು. ರೋಗಿ ಮಲಗಿ ಎಷ್ಟೋ ರಾತ್ರಿಗಳಾಗಿರುತ್ತವೆ. ಗೋಡೆಗೆ ಒರಗಿ, ಮೊಣಕಾಲಿಗೆ ಹಣೆ ಹಚ್ಚಿ ಕುಳಿತೇ ಬೆಳಗು ಮಾಡಿರುತ್ತಾರೆ. ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟಿದೆ ಎಂದು ಕೇಳಬೇಕೆಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ವಯಸ್ಸಾದವರ ಬಳಿ ಅದು ನಡೆಯುವುದಿಲ್ಲ. “ರೂಪಾಯಿಯಲ್ಲಿ ಎಷ್ಟಾಣೆ ನೋವು?” ಎಂದು ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ: ಹದಿನಾರಾಣೆ. ವಾರದೊಳಗೆ ಅದನ್ನು ನಾಲ್ಕಾಣೆಗೆ ಇಳಿಸುವುದು ಹೆಚ್ಚಿನವರ ವಿಷಯದಲ್ಲಿ ಸಾಧ್ಯ.

ಹೇಗೆ ಎಂದರೆ, ಮಾರ್ಫಿನ್. ಬಾಯಿಯಿಂದ ನುಂಗುವ ಸಣ್ಣ ಮಾತ್ರೆ. ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಔಷಧ ಕೊಡುವ ಕ್ರಮವನ್ನು 1986ರಲ್ಲೇ ಹೇಳಿತು. ಅದರ ಮೇಲಿನ ಮೆಟ್ಟಿಲಿನಲ್ಲಿ ಇರುವುದು ಇದೇ. ನೋವು ಬಂದ ಮೇಲೆ ನುಂಗುವುದಲ್ಲ, ನೋವು ಬರುವ ಮೊದಲೇ, ಗಡಿಯಾರ ನೋಡಿ, ನಾಲ್ಕು ಗಂಟೆಗೊಮ್ಮೆ. ನಡುರಾತ್ರಿ ಏಳುವುದನ್ನು ತಪ್ಪಿಸಲು ಮಲಗುವಾಗಿನ ಪ್ರಮಾಣವನ್ನು ವೈದ್ಯರು ಹೆಚ್ಚಿಸುತ್ತಾರೆ. ಜೊತೆಗೆ ಮಲಬದ್ಧತೆಯ ಮಾತ್ರೆ ಕಡ್ಡಾಯ. ಅದನ್ನು ಮರೆತರೆ ರೋಗಿ ಮಾರ್ಫಿನ್ನನ್ನೇ ಬೈದು ಬಿಟ್ಟುಬಿಡುತ್ತಾರೆ, ಅವರ ತಪ್ಪಲ್ಲ. ಮೊದಲ ಕೆಲವು ದಿನ ಹೊಟ್ಟೆ ತೊಳಸಬಹುದು, ಮಂಪರು ಬರಬಹುದು, ಆಮೇಲೆ ಇಳಿಯುತ್ತದೆ. ನೋವಿಗೆ ತಕ್ಕಷ್ಟು, ವೈದ್ಯರ ನಿಗಾದಲ್ಲಿ ಕೊಟ್ಟ ಮಾರ್ಫಿನ್ ಕೊನೆಯ ದಿನಗಳ ರೋಗಿಯನ್ನು ವ್ಯಸನಿಯನ್ನಾಗಿ ಮಾಡುವುದಿಲ್ಲ, ಸಾವನ್ನು ಎಳೆದು ತರುವುದೂ ಇಲ್ಲ. ಆದರೂ ಪ್ರತಿ ಮನೆಯಲ್ಲೂ ಯಾರಾದರೂ ಒಬ್ಬರು ನನ್ನನ್ನು ಅಂಗಳಕ್ಕೆ ಕರೆದು ಕೇಳುತ್ತಾರೆ: “ಇದು ಕೊನೆಯ ಮಾತ್ರೆಯಂತೆ, ಹೌದಾ ಸಿಸ್ಟರ್?” ಮನೆಯವರು ಕೇಳಿದರೆ ಸಿಟ್ಟು ಬರುವುದಿಲ್ಲ. ಎಂಬಿಬಿಎಸ್ ಓದಿದವರು ಕೇಳಿದಾಗ ಬರುತ್ತದೆ.

ಆ ಅಂಜಿಕೆಗೆ ಒಂದು ಇತಿಹಾಸವಿದೆ. ಮಾರ್ಫಿನ್ ತೆಗೆಯುವುದು ಅಫೀಮಿನಿಂದ. ಜಗತ್ತಿಗೆ ಕಾನೂನುಬದ್ಧ ಅಫೀಮು ಬೆಳೆದುಕೊಡುವ ಬೆರಳೆಣಿಕೆಯ ದೇಶಗಳಲ್ಲಿ ನಮ್ಮದೂ ಒಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಪರವಾನಗಿ ಪಡೆದ ರೈತರು ಅದನ್ನು ಬೆಳೆಯುತ್ತಾರೆ. ಗಾಜಿಪುರ ಮತ್ತು ನೀಮಚ್‌ಗಳಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. ಆದರೆ 1985ರ ಮಾದಕದ್ರವ್ಯ ಕಾಯ್ದೆ ಬಂದ ಮೇಲೆ, ಕಳ್ಳಸಾಗಣೆಗಾರನಿಗೆ ಹೆಣೆದ ಬಲೆಯಲ್ಲಿ ಔಷಧ ಅಂಗಡಿಯೂ ಆಸ್ಪತ್ರೆಯೂ ಸಿಕ್ಕಿಬಿದ್ದವು. ಒಂದೊಂದು ಇಲಾಖೆಯಿಂದ ಒಂದೊಂದು ಪರವಾನಗಿ ತರಬೇಕಾಯಿತು. ಲೆಕ್ಕದಲ್ಲಿ ಎರಡು ಮಾತ್ರೆ ಹೆಚ್ಚು ಕಡಿಮೆಯಾದರೆ ಜೈಲು ಎಂಬ ಭಯ ಹುಟ್ಟಿತು. ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಹೀಗೆ ಒಂದು ಇಡೀ ತಲೆಮಾರಿನ ವೈದ್ಯರು ವೃತ್ತಿಯಲ್ಲಿ ಒಮ್ಮೆಯೂ ಮಾರ್ಫಿನ್ ಬರೆಯದೆ ನಿವೃತ್ತರಾದರು.

2014ರಲ್ಲಿ ಸಂಸತ್ತು ಆ ಕಾಯ್ದೆಯನ್ನು ತಿದ್ದಿತು. ಮಾರ್ಫಿನ್ ಸೇರಿದಂತೆ ಕೆಲವು ಔಷಧಗಳನ್ನು ಅತ್ಯಗತ್ಯ ಔಷಧಗಳೆಂದು ಬೇರೆಯಾಗಿಸಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿ ಸಾಕು ಎಂದಿತು. ಮಾನ್ಯರೇ, ಆ ಔಷಧ ನಿಯಂತ್ರಕರು ನಿಮ್ಮ ಇಲಾಖೆಯವರೇ. ದೆಹಲಿಯನ್ನು ಕಾಯಬೇಕಾಗಿಲ್ಲ. ತರಬೇತಿ ಪಡೆದ ಒಬ್ಬ ವೈದ್ಯರು, ಬೀಗವಿರುವ ಒಂದು ಕಪಾಟು, ಲೆಕ್ಕ ಬರೆಯುವ ಒಂದು ಪುಸ್ತಕ ಇದ್ದರೆ ತಾಲೂಕು ಆಸ್ಪತ್ರೆಯಲ್ಲಿ ಈ ಮಾತ್ರೆ ಸಿಗಬಹುದು. ಒಂದು ದಶಕ ಕಳೆದ ಮೇಲೂ ನಾವು ಹೋಗುವ ಹಳ್ಳಿಗಳವರು ಇದಕ್ಕಾಗಿ ಇಡೀ ದಿನದ ಬಸ್ ಪ್ರಯಾಣ ಮಾಡುತ್ತಾರೆ. ಹೋಗುವವರು ಯಾರು? ಮಗ ದುಬೈಯಲ್ಲೋ ಬೆಂಗಳೂರಿನಲ್ಲೋ ಇರುತ್ತಾನೆ. ಹೆಂಡತಿ ಬೀಡಿ ಕಟ್ಟುವವಳು. ಒಂದು ದಿನ ಬೀಡಿಯ ತಟ್ಟೆ ಕೆಳಗಿಟ್ಟರೆ ಆ ದಿನದ ಕೂಲಿ ಹೋಯಿತು. ಮಾತ್ರೆಗೆ ಕೆಲವೇ ರೂಪಾಯಿ, ಅದನ್ನು ತರುವುದಕ್ಕೆ ಅದರ ಹತ್ತಾರು ಪಟ್ಟು.

ನೋವಿನ ನಂತರ ವಾಸನೆ. ಇದನ್ನು ಪತ್ರದಲ್ಲಿ ಬರೆಯಬಾರದೆಂದು ನನ್ನ ಜೊತೆಗಾರರು ಹೇಳಿದರು. ಬರೆಯುತ್ತೇನೆ, ಏಕೆಂದರೆ ರೋಗಿಯನ್ನು ಮನೆಯೊಳಗೇ ಒಂಟಿ ಮಾಡುವುದು ಅದೇ. ಹೊಗೆಸೊಪ್ಪು ಜಗಿದು ಬಂದ ಬಾಯಿಯ ಕ್ಯಾನ್ಸರ್ ನಮ್ಮ ಕಡೆ ಬಹಳ. ಕೆನ್ನೆ ತೂತಾಗಿರುತ್ತದೆ, ಗಾಯ ಕೊಳೆತಿರುತ್ತದೆ. ಮೊಮ್ಮಕ್ಕಳನ್ನು ಕೋಣೆಗೆ ಬಿಡುವುದಿಲ್ಲ. ಸೊಸೆ ಮೂಗು ಮುಚ್ಚಿಕೊಂಡು ತಟ್ಟೆ ಇಟ್ಟು ಹೊರಗೆ ಬರುತ್ತಾಳೆ, ಆಮೇಲೆ ತನ್ನನ್ನು ತಾನೇ ಶಪಿಸಿಕೊಂಡು ಅಳುತ್ತಾಳೆ. ಈ ಗಾಯ ಮಾಯುವುದಿಲ್ಲ. ಆದರೆ ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆದು, ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಮಾತ್ರೆಯನ್ನೇ ಪುಡಿ ಮಾಡಿ ಗಾಯದ ಮೇಲೆ ಉದುರಿಸಿದರೆ ಕೆಲವು ದಿನಗಳಲ್ಲಿ ವಾಸನೆ ಅಡಗುತ್ತದೆ. ಹುಳು ಬಿದ್ದಿದ್ದರೆ ಟರ್ಪಂಟೈನ್ ಎಣ್ಣೆ ಹಾಕಿ, ತಾಳ್ಮೆಯಿಂದ ಒಂದೊಂದಾಗಿ ತೆಗೆಯುತ್ತೇವೆ. ರಕ್ತ ಒಸರುವ ಗಾಯವಿದ್ದರೆ ಹಾಸಿಗೆಯ ಪಕ್ಕ ಕಡುಬಣ್ಣದ ಬೈರಾಸು ಇಟ್ಟಿರಲು ಹೇಳುತ್ತೇವೆ. ಬಿಳಿ ಬಟ್ಟೆಯ ಮೇಲಿನ ಕೆಂಪು ಕಂಡು ಎದೆಯೊಡೆದುಕೊಳ್ಳುವುದು ತಪ್ಪುತ್ತದೆ. ಇದರಲ್ಲಿ ಯಾವುದಕ್ಕೂ ಕೋಟಿ ರೂಪಾಯಿಯ ಯಂತ್ರ ಬೇಕಿಲ್ಲ. ಮಕ್ಕಳು ಮತ್ತೆ ಮಂಚದ ಕಾಲ ಬಳಿ ಕುಳಿತು ಮೊಬೈಲ್ ನೋಡುವುದಕ್ಕೆ ಶುರು ಮಾಡಿದರೆ ನಮಗೆ ಕೆಲಸ ಆಯಿತು ಎಂದು ಗೊತ್ತಾಗುತ್ತದೆ.

ಉಸಿರು ಕಟ್ಟುವವರಿಗೆ ಎದ್ದು ಒರಗುವಂತೆ ದಿಂಬು ಕಟ್ಟುತ್ತೇವೆ, ಕಿಟಕಿ ತೆರೆಯಿಸುತ್ತೇವೆ, ಮುಖಕ್ಕೆ ಗಾಳಿ ಬೀಸುವಂತೆ ಸಣ್ಣ ಫ್ಯಾನ್ ಇಡಿಸುತ್ತೇವೆ. ವೈದ್ಯರು ಸಣ್ಣ ಪ್ರಮಾಣದ ಮಾರ್ಫಿನ್ ಬರೆಯುತ್ತಾರೆ. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಮನೆಯವರಿಗೆ ಕಲಿಸುತ್ತೇವೆ. ಹೊಟ್ಟೆಯಲ್ಲಿ ತುಂಬಿದ ನೀರು ತೆಗೆಯುವುದು, ಮೂತ್ರದ ಕೊಳವೆ ಬದಲಿಸುವುದು, ಬಾವು ಬಂದ ಕೈಗೆ ಪಟ್ಟಿ ಸುತ್ತುವುದು ಇವೆಲ್ಲ ಮನೆಯಲ್ಲೇ ಆಗುವ ಕೆಲಸ. ಕ್ಯಾನ್ಸರ್ ಒಂದೇ ಅಲ್ಲ. ಡಯಾಲಿಸಿಸ್ ನಿಲ್ಲಿಸಿದವರು, ಲಕ್ವ ಹೊಡೆದು ವರ್ಷಗಟ್ಟಲೆ ಮಲಗಿದವರು, ಮರೆವಿನ ರೋಗದ ಕೊನೆಯ ಹಂತದವರು, ಶ್ವಾಸಕೋಶ ಸೋತವರು, ಎಲ್ಲರಿಗೂ ಇದು ಬೇಕು.

ಎಲ್ಲಕ್ಕಿಂತ ದೊಡ್ಡ ಜಗಳ ಊಟದ್ದು. ಗಂಜಿ ಕುಡಿಯುವುದನ್ನು ಬಿಟ್ಟರೆಂದು ಮನೆಯಲ್ಲಿ ಗೋಳು ಏಳುತ್ತದೆ. ಒಬ್ಬರು ಮೂಗು ಹಿಡಿದು ಚಮಚೆ ತುರುಕುತ್ತಾರೆ, ಅದು ಶ್ವಾಸನಾಳಕ್ಕೆ ಹೋಗಿ ಕೆಮ್ಮು, ಜ್ವರ. ಇನ್ನೊಬ್ಬರು ಗ್ಲೂಕೋಸ್ ಏರಿಸಿ ಎಂದು ಪಟ್ಟು ಹಿಡಿಯುತ್ತಾರೆ. ಏರಿಸಿ ಹೋಗಲು ಊರಿನಲ್ಲಿ ಯಾರಾದರೂ ಸಿಕ್ಕೇ ಸಿಗುತ್ತಾರೆ. ಅರ್ಧ ಲೀಟರಿನ ಆ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಸೋತ ಮೂತ್ರಪಿಂಡ, ಸೋತ ಹೃದಯ ಆ ನೀರನ್ನು ಹೊರಗೆ ಹಾಕಲಾರವು. ಅದು ಕಾಲಿಗೆ ಇಳಿದು ಬಾವು, ಎದೆಗೆ ಏರಿ ಗೊರಗೊರ. ದೇಹ ಮುಚ್ಚಿಕೊಳ್ಳುತ್ತಾ ಬಂದಾಗ ಹಸಿವು ತಾನಾಗಿ ಹೋಗುತ್ತದೆ, ಊಟ ಬಿಟ್ಟದ್ದರಿಂದ ಅವರು ಸಾಯುತ್ತಿಲ್ಲ ಎಂದು ಒಬ್ಬ ತಾಯಿಗೆ, ಒಬ್ಬ ಹೆಂಡತಿಗೆ ಅರ್ಥ ಮಾಡಿಸಲು ಒಂದು ಮಧ್ಯಾಹ್ನವೇ ಬೇಕಾಗುತ್ತದೆ. ಕೈಗೆ ಬೇರೆ ಕೆಲಸ ಕೊಡದೆ ‘ತಿನ್ನಿಸಬೇಡಿ’ ಎಂದಷ್ಟೇ ಹೇಳುವುದು ಕ್ರೌರ್ಯ. ಆದ್ದರಿಂದ ಒದ್ದೆ ಬಟ್ಟೆಯಿಂದ ತುಟಿ, ನಾಲಿಗೆ ಒರೆಸುವುದನ್ನು, ನುಂಗಲು ಬರುತ್ತಿದ್ದರೆ ಒಂದೊಂದೇ ಚಮಚೆ ಬೊಂಡದ ನೀರು ಕೊಡುವುದನ್ನು ತೋರಿಸಿಕೊಡುತ್ತೇವೆ. ತುಳಸಿ ನೀರೋ, ಝಂಝಂ ನೀರೋ, ಪಾದ್ರಿಯ ತೈಲವೋ, ಅದು ಅವರವರ ಮನೆಯ ವಿಷಯ. ನಾವು ಸ್ವಲ್ಪ ಹಿಂದೆ ಸರಿದು ನಿಲ್ಲುತ್ತೇವೆ.

ನರ್ಸ್ ಮತ್ತು ವೈದ್ಯರಷ್ಟೇ ಇದ್ದರೆ ಸಾಲದು ಎಂಬುದನ್ನು ಈ ಕೆಲಸಕ್ಕೆ ಇವತ್ತಿನ ರೂಪ ಕೊಟ್ಟ ಸಿಸಿಲಿ ಸಾಂಡರ್ಸ್ ತಮ್ಮ ಬದುಕಿನಿಂದಲೇ ಕಲಿತಿದ್ದರು. ಅವರು ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ವೈದ್ಯೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟಫರ್ಸ್ ಹಾಸ್ಪೀಸ್, ಅಂದರೆ ಕೊನೆಯ ಹಂತದ ರೋಗಿಗಳನ್ನು ನೋಡಿಕೊಳ್ಳುವ ಮನೆ, ತೆರೆದರು. ಸಾಯುತ್ತಿರುವವರ ನೋವಿನಲ್ಲಿ ಮೈಯದ್ದು ಒಂದು ಪಾಲು. ಮನಸ್ಸಿನದ್ದು, ಸಂಬಂಧಗಳದ್ದು, ದುಡ್ಡಿನದ್ದು, ದೇವರ ಜೊತೆಗಿನ ಜಗಳದ್ದು ಉಳಿದ ಪಾಲು, ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದಿಲ್ಲ ಎನ್ನುವುದು ಅವರ ತಿಳಿವಳಿಕೆ. ನಮ್ಮ ಹಳ್ಳಿಗಳಲ್ಲಿ ಅದನ್ನು ದಿನವೂ ಕಾಣುತ್ತೇನೆ. “ಅವರಿಗೆ ಹೇಳಬೇಡಿ ಸಿಸ್ಟರ್, ಎದೆ ಒಡೆದುಕೊಳ್ಳುತ್ತಾರೆ” ಎಂದು ಮಗ ಗೇಟಿನ ಬಳಿಯೇ ತಡೆಯುತ್ತಾನೆ. ಒಳಗೆ ಹೋದರೆ ಅಪ್ಪ ಮೆಲ್ಲಗೆ ಹೇಳುತ್ತಾರೆ: “ನನಗೆ ಗೊತ್ತಿದೆ. ಮಗನಿಗೆ ಹೇಳಬೇಡಿ.” ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ, ಒಬ್ಬರಿಂದೊಬ್ಬರು ದೂರವಾಗುತ್ತಾ ಇರುತ್ತಾರೆ. ಇದನ್ನು ಬಿಡಿಸುವುದು ಆಪ್ತಸಮಾಲೋಚಕರ ಕೆಲಸ. ಒಮ್ಮೆಲೇ ಸತ್ಯ ಸುರಿಯುವುದಿಲ್ಲ. ರೋಗಿಗೆ ಎಷ್ಟು ಗೊತ್ತಿದೆ, ಎಷ್ಟು ತಿಳಿಯಬೇಕಾಗಿದೆ ಎಂದು ಕೇಳುತ್ತಾ ಹೋಗುತ್ತಾರೆ. ಮಾತು ತೆರೆದುಕೊಂಡ ಮೇಲೆ ಬರುವುದು ವೇದಾಂತವಲ್ಲ, ಲೆಕ್ಕಾಚಾರ: ಸೊಸೈಟಿಯ ಸಾಲ ಎಷ್ಟು ಬಾಕಿ, ಪಹಣಿಯಲ್ಲಿ ಯಾರ ಹೆಸರಿದೆ, ಬ್ಯಾಂಕಿನಲ್ಲಿ ನಾಮಿನಿ ಯಾರು, ಮಾತು ಬಿಟ್ಟ ತಮ್ಮನನ್ನು ಕರೆಸಬಹುದೇ. ಪಹಣಿ ಸರಿಯಾದ ದಿನ ನನ್ನ ಮಾತ್ರೆಗಿಂತ ಚೆನ್ನಾಗಿ ನಿದ್ದೆ ಮಾಡಿದವರಿದ್ದಾರೆ.

“ಒಂದು ಇಂಜೆಕ್ಷನ್ ಕೊಟ್ಟು ಮುಗಿಸಿಬಿಡಿ” ಎಂದು ಕೇಳುವವರೂ ಇದ್ದಾರೆ. ನಾವು ಸಾವನ್ನು ಬೇಗ ಕರೆಯುವವರಲ್ಲ, ತಡೆದು ನಿಲ್ಲಿಸುವವರೂ ಅಲ್ಲ. ನೋವು ಇಳಿದು ನಾಲ್ಕು ರಾತ್ರಿ ನಿದ್ದೆ ಬಂದ ಮೇಲೆ ಅದೇ ಬಾಯಿಂದ ಆ ಕೋರಿಕೆ ಮತ್ತೆ ಬರುವುದು ನಾನು ಕಂಡಂತೆ ಅಪರೂಪ. ‘ಶರಣರನ್ನು ಮರಣದಲ್ಲಿ ನೋಡು’ ಎಂದು ನಮ್ಮಲ್ಲಿ ಗಾದೆಯಿದೆ. ಬೆನ್ನುಮೂಳೆ ಸವೆದು ಮುರಿದವನನ್ನು ಮದ್ದಿಲ್ಲದೆ ಮಲಗಿಸಿ ಯಾವ ಶರಣನ ಗುಣವನ್ನು ನೋಡುವುದು?

ಕೊನೆಯ ಎರಡು ಮೂರು ದಿನಗಳಲ್ಲಿ ತಂಡದ ಕೆಲಸ ಬಹುಪಾಲು ಮನೆಯವರ ಜೊತೆಗೆ. ಕೈಕಾಲು ತಣ್ಣಗಾಗುತ್ತದೆ, ಉಸಿರು ನಿಂತು ನಿಂತು ಬರುತ್ತದೆ, ಗಂಟಲಲ್ಲಿ ಗೊರಗೊರ ಕೇಳುತ್ತದೆ ಎಂದು ಮುಂಚಿತವಾಗಿಯೇ ಹೇಳಿಡುತ್ತೇವೆ. ಆ ಸದ್ದು ಕೇಳುವವರಿಗೆ ಭೀಕರ; ರೋಗಿ ಆ ಹೊತ್ತಿಗೆ ಅರಿವು ತಪ್ಪಿರುವುದರಿಂದ ಅವರಿಗೆ ಅಷ್ಟು ಸಂಕಟವಿರುವುದಿಲ್ಲ ಎಂದು ವೈದ್ಯರು ಹೇಳುತ್ತಾರೆ. ಮಗ್ಗುಲಾಗಿ ಮಲಗಿಸಿದರೆ, ಚರ್ಮದ ಅಡಿಗೆ ಒಂದು ಔಷಧ ಕೊಟ್ಟರೆ ಕಡಿಮೆಯಾಗುತ್ತದೆ. ಗಾಬರಿ, ಚಡಪಡಿಕೆ ಇದ್ದರೆ ಅದಕ್ಕೂ ಔಷಧವಿದೆ. ಇದನ್ನು ಹೇಳುವವರು ಇಲ್ಲದ ಮನೆಯಲ್ಲಿ ಏನಾಗುತ್ತದೆ ಎಂಬುದು ನಿಮ್ಮ 108 ಆಂಬುಲೆನ್ಸ್ ಸಿಬ್ಬಂದಿಗೆ ಗೊತ್ತಿದೆ. ರಾತ್ರಿ ಎರಡು ಗಂಟೆಗೆ ಕರೆ. ಅಡಿಕೆ ತೋಟದ ನಡುವೆ, ಸಂಕ ದಾಟಿ, ಕುರ್ಚಿಯಲ್ಲಿ ಹೊತ್ತು ರಸ್ತೆಗೆ ತರುತ್ತಾರೆ. ದಾರಿಯಲ್ಲೇ ಪ್ರಾಣ ಹೋಗುತ್ತದೆ, ಅಥವಾ ಎರಡು ವಾರದ ಹಿಂದೆ ‘ಇನ್ನೇನೂ ಇಲ್ಲ’ ಎಂದ ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ಗುರುತಿಲ್ಲದವರ ನಡುವೆ, ಬಾಯಿಗೆ ಕೊಳವೆ ಹಾಕಿಸಿಕೊಂಡು. ನಿಮ್ಮ ಆದೇಶದ ಮಂಡಳಿಗಳು ಆಮೇಲೆ ತೆಗೆಯಬೇಕಾದ ಕೊಳವೆಗಳಲ್ಲಿ ಎಷ್ಟೋ ಹೀಗೆ ಹಾಕಲ್ಪಟ್ಟವು.

ಸತ್ತ ಮೇಲೂ ಒಂದು ಭೇಟಿ ಇರುತ್ತದೆ, ಹದಿಮೂರನೆಯ ದಿನ ಕಳೆದ ಮೇಲೆ, ನೆಂಟರೆಲ್ಲ ಹೋದ ಮೇಲೆ. ಮರಣ ಪ್ರಮಾಣಪತ್ರ, ವಿಧವಾ ವೇತನದ ಅರ್ಜಿ, ಮಿಕ್ಕ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ ವಾಪಸ್ ತರುವುದು, ಒಂದು ಲೋಟ ಚಹಾ.

ಇದು ಕರ್ನಾಟಕಕ್ಕೆ ಹೊಸದೇನಲ್ಲ. ಮುಂಬೈಯಲ್ಲಿ 1986ರಲ್ಲಿ ಶಾಂತಿ ಆವೇದನಾ ಆಶ್ರಮ ದೇಶದ ಮೊದಲ ಹಾಸ್ಪೀಸ್ ಆಗಿ ತೆರೆದುಕೊಂಡಿತು. ಅದಾದ ಮೇಲೆ ನಮ್ಮ ಬೆಂಗಳೂರಿನ ಮಾರತಹಳ್ಳಿಯ ಬಳಿ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿಯನ್ನೂ ಕೇಳದೆ ನೋಡಿಕೊಳ್ಳುತ್ತಿದೆ, ಮನೆಗಳಿಗೂ ಹೋಗುತ್ತಿದೆ. ಅದಕ್ಕೆ ಜಾಗವನ್ನು ಗುತ್ತಿಗೆಗೆ ಕೊಟ್ಟದ್ದು ನಮ್ಮದೇ ಸರ್ಕಾರ. ಆದರೆ ಬೀದರ್‌ನವರೋ ಚಾಮರಾಜನಗರದವರೋ ಸಾಯುವುದಕ್ಕೆ ಮಾರತಹಳ್ಳಿಗೆ ಬರಲಾರರು, ಬರಬೇಕಾಗಿಯೂ ಇಲ್ಲ. ಹೆಚ್ಚಿನವರ ಆಸೆ ತಮ್ಮ ಮನೆಯಲ್ಲೇ, ತಮ್ಮ ಮಾತು ಕೇಳಿಸುವ ಕಡೆ. ಹಾಸ್ಪೀಸ್ ಕಟ್ಟಡ ಬೇಕಾಗುವುದು ಮನೆಯೇ ಇಲ್ಲದವರಿಗೆ, ನೋಡಿಕೊಳ್ಳುವವರು ಯಾರೂ ಇಲ್ಲದವರಿಗೆ, ಮನೆಯಲ್ಲಿ ಹಿಡಿತಕ್ಕೆ ಸಿಗದ ನೋವಿಗೆ. ಉಳಿದವರಿಗೆ ಬೇಕಾಗಿರುವುದು ಜೀಪು ಮತ್ತು ನರ್ಸ್.

ಮಂಗಳೂರಿನಿಂದ ತಲಪಾಡಿ ದಾಟಿದರೆ ಕೇರಳದ ಮಂಜೇಶ್ವರ. ಕನ್ನಡ, ತುಳು, ಬ್ಯಾರಿ ಮಾತನಾಡುವ ಅದೇ ಜನ, ಅದೇ ಕುಚ್ಚಲಕ್ಕಿ ಗಂಜಿ, ಅದೇ ಬೀಡಿ. ದೊಡ್ಡ ಆಸ್ಪತ್ರೆ ಬೇಕೆಂದರೆ ಅವರು ನಮ್ಮ ಮಂಗಳೂರಿಗೇ ಬರಬೇಕು. 2020ರ ಲಾಕ್‌ಡೌನಿನಲ್ಲಿ ನಾವು ಗಡಿಗೆ ಮಣ್ಣು ಸುರಿದು ಮುಚ್ಚಿದಾಗ ಅವರು ಪಟ್ಟ ಪಾಡು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಂದರೆ ಬದುಕಿಸುವ ವೈದ್ಯಕೀಯದಲ್ಲಿ ನಾವು ಶ್ರೀಮಂತರು. ಆದರೆ ಮಂಗಳೂರಿನ ಆಸ್ಪತ್ರೆಯೊಂದು ಒಂದೇ ದಿನ ಇಬ್ಬರನ್ನು ‘ಇನ್ನೇನೂ ಇಲ್ಲ’ ಎಂದು ಕಳುಹಿಸಿತು ಎಂದಿಟ್ಟುಕೊಳ್ಳಿ, ಒಬ್ಬರು ಗಡಿಯ ಆ ಕಡೆಗೆ, ಇನ್ನೊಬ್ಬರು ಈ ಕಡೆಯ ಹಳ್ಳಿಗೆ. ಆ ಕಡೆಯವರ ಪಂಚಾಯಿತಿಗೆ ಪ್ಯಾಲಿಯೇಟಿವ್ ನರ್ಸ್ ಇದ್ದಾರೆ, ಅದಕ್ಕೆ ಪಂಚಾಯಿತಿಯ ಬಜೆಟ್ಟಿನಲ್ಲಿ ಹಣವಿದೆ, ಮೇಲೆ ಕೈಕೊಡಲು ತಾಲೂಕು ಮಟ್ಟದ ಆಸ್ಪತ್ರೆಯಿದೆ. ಈ ಕಡೆಯವರಿಗೆ ನಮ್ಮಂಥ ಒಂದು ದತ್ತಿ ಸಂಸ್ಥೆಯ ಫೋನ್ ನಂಬರ್ ಯಾರಾದರೂ ಕೊಟ್ಟಿದ್ದರೆ ಅದೃಷ್ಟ. ನಮ್ಮ ಜೀಪಿಗೆ ಡೀಸೆಲ್ ಇರುವುದು ದಾನಿಗಳು ಕೊಟ್ಟ ತಿಂಗಳು.

ಕೇರಳದ ಹೆಸರೆತ್ತಿದರೆ ಕೆಲವರ ಹುಬ್ಬು ಗಂಟಿಕ್ಕುವುದು ನನಗೆ ಗೊತ್ತು. ಅಲ್ಲಿನ ನರ್ಸುಗಳಿಗೂ ಕೆಲಸದ ಹೊರೆ ವಿಪರೀತ. ಆದರೆ ಅಲ್ಲಿ ಇದು ಆರಂಭವಾದ ಬಗೆ ನೋಡಿ: 1993ರಲ್ಲಿ ಕೋಳಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಕಟ್ಟಿಕೊಂಡ ಒಂದು ಸಣ್ಣ ಸಂಘ. ಅಲ್ಲಿಂದ ಊರೂರಿನ ಶಿಕ್ಷಕರು, ಅಂಗಡಿಯವರು, ಕಾಲೇಜು ಹುಡುಗರು ಸ್ವಯಂಸೇವಕರಾದರು. 2008ರಲ್ಲಿ ಸರ್ಕಾರ ಅದನ್ನೇ ನೀತಿಯಾಗಿ ಸ್ವೀಕರಿಸಿ ಪಂಚಾಯಿತಿಗಳ ಕೈಗೆ ಕೊಟ್ಟಿತು. ದುಬಾರಿ ಕಟ್ಟಡಗಳಿಂದ ಆದದ್ದಲ್ಲ.

ನಮ್ಮಲ್ಲಿ ಕಾಗದಕ್ಕೆ ಕೊರತೆಯಿಲ್ಲ. ಕೇಂದ್ರದ ಪ್ಯಾಲಿಯೇಟಿವ್ ಕೇರ್ ಕಾರ್ಯಕ್ರಮ 2012ರಿಂದ ಇದೆ. ಆಯುಷ್ಮಾನ್ ಕೇಂದ್ರಗಳು ಕೊಡಬೇಕಾದ ಹನ್ನೆರಡು ಸೇವೆಗಳಲ್ಲಿ ವೃದ್ಧರ ಮತ್ತು ಕೊನೆಯ ಹಂತದ ಆರೈಕೆಯೂ ಒಂದು. ಜಗತ್ತಿನಲ್ಲಿ ವರ್ಷಕ್ಕೆ 5.68 ಕೋಟಿ ಜನರಿಗೆ ಇಂಥ ಆರೈಕೆ ಬೇಕು, ಸಿಗುತ್ತಿರುವುದು ನೂರಕ್ಕೆ 14 ಜನರಿಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ನಿಮ್ಮದೇ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರದಿಂದ ಹೊರಟು ಮನೆಮನೆಗೆ ಹೋಗಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬಾಯಿಯ ಕ್ಯಾನ್ಸರ್ ತಪಾಸಣೆ ಮಾಡುತ್ತಿದೆ. ಅಂದರೆ ದಾರಿ ಈಗಾಗಲೇ ತೆರೆದಿದೆ. ರೋಗ ಹುಡುಕಲು ಮನೆಗೆ ಹೋಗುವವರು, ಹುಡುಕಿದ ರೋಗ ಕೊನೆ ಮುಟ್ಟಿದಾಗಲೂ ಅದೇ ಮನೆಗೆ ಹೋಗಬೇಡವೇ? ಆಸ್ಪತ್ರೆಯ ಹಾಸಿಗೆಗೆ, ಶಸ್ತ್ರಚಿಕಿತ್ಸೆಗೆ ನಿಮ್ಮ ವಿಮೆ ಲಕ್ಷಗಟ್ಟಲೆ ಕೊಡುತ್ತದೆ. ಮನೆಗೆ ಬರುವ ನರ್ಸಿನ ಪೆಟ್ರೋಲಿಗೆ ಅದರಲ್ಲಿ ಜಾಗವಿಲ್ಲ.

ನನ್ನ ಕೋರಿಕೆ ಇಷ್ಟು. ಪ್ರತಿ ತಾಲೂಕು ಆಸ್ಪತ್ರೆಯೂ ಮಾರ್ಫಿನ್‌ಗೆ ಮಾನ್ಯತೆ ಪಡೆಯಲಿ, ಅಲ್ಲಿನ ಒಬ್ಬ ವೈದ್ಯರಿಗೆ ತರಬೇತಿ ಸಿಗಲಿ. ತಾಲೂಕಿಗೆ ಕನಿಷ್ಠ ಇಬ್ಬರು ನರ್ಸ್, ಒಂದು ವಾಹನ, ಒಬ್ಬ ಸಮಾಜ ಕಾರ್ಯಕರ್ತರನ್ನು ಗೃಹ ಆರೋಗ್ಯದ ಅಡಿಯಲ್ಲೇ ಕೊಡಿ, ಹೊರಗುತ್ತಿಗೆಯ ಹನ್ನೊಂದು ತಿಂಗಳ ಕೆಲಸವಾಗಿ ಬೇಡ. ರಾತ್ರಿ ಎತ್ತುವ ಒಂದು ಫೋನ್ ಇರಲಿ. ಅರ್ಧದಷ್ಟು ಗಾಬರಿಗೆ ಫೋನಿನಲ್ಲಿ ಹೇಳುವ ನಾಲ್ಕು ಮಾತೇ ಸಾಕಾಗುತ್ತದೆ. ‘ಇನ್ನೇನೂ ಮಾಡುವುದಕ್ಕಿಲ್ಲ’ ಎಂದು ಮನೆಗೆ ಕಳುಹಿಸುವ ಯಾವ ಆಸ್ಪತ್ರೆಯೂ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂದು ಬರೆಯದೆ, ಅವರಿಗೊಂದು ಫೋನ್ ಮಾಡದೆ, ಒಂದು ವಾರಕ್ಕಾಗುವ ನೋವಿನ ಔಷಧ ಕೊಡದೆ ಕಳುಹಿಸುವಂತಿಲ್ಲ ಎಂದು ಒಂದು ಸುತ್ತೋಲೆ ಹೊರಡಿಸಿ. ಜನವರಿಯಲ್ಲಿ ಹೊರಡಿಸಿದ್ದಕ್ಕಿಂತ ಇದು ಚಿಕ್ಕದಾಗಿಯೇ ಇರುತ್ತದೆ.

ಇವೆಲ್ಲ ನಡೆದಿದೆಯೋ ಇಲ್ಲವೋ ಎಂದು ತಿಳಿಯಲು ಸಮಿತಿ ಬೇಕಿಲ್ಲ. ಕೊನೆಯ ಹಂತದ ಆರೈಕೆ ಜನರನ್ನು ಮುಟ್ಟುತ್ತಿದೆಯೇ ಎಂದು ನೋಡಲು ಜಗತ್ತಿನಾದ್ಯಂತ ಬಳಸುವ ಒಂದು ಅಳತೆಗೋಲೆಂದರೆ ಅಲ್ಲಿ ಎಷ್ಟು ಮಾರ್ಫಿನ್ ಖರ್ಚಾಯಿತು ಎಂಬುದು. ಔಷಧ ನಿಯಂತ್ರಕರಿಗೆ ಆ ಲೆಕ್ಕ ಸಲ್ಲಲೇಬೇಕೆಂದು ಕಾನೂನೇ ಹೇಳುತ್ತದೆ. ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ಅದನ್ನು ಜಿಲ್ಲಾವಾರು, ತಾಲೂಕುವಾರು ಇಲಾಖೆಯ ಜಾಲತಾಣದಲ್ಲಿ ಪ್ರಕಟಿಸಿ. ಸೊನ್ನೆ ಇರುವ ತಾಲೂಕುಗಳ ಹೆಸರನ್ನೂ ಬಿಡಬೇಡಿ. ಮೊದಲ ಪಟ್ಟಿಯನ್ನು ಬರುವ ಏಪ್ರಿಲ್‌ನಲ್ಲೇ ನಿರೀಕ್ಷಿಸಬಹುದೇ?

ಇಂತಿ,
ದಕ್ಷಿಣ ಕನ್ನಡದ ಒಬ್ಬ ಮನೆ ಆರೈಕೆ ನರ್ಸ್